ಕುದುರೆಯ ರೋಜಾ ಬಿಡಿಸಿದ್ದು

ಜೇವರ್ಗಿ: ಹೊರಡುವ ಮುನ್ನ

ವಿದೇಶಕ್ಕೆ ಹೊರಟವರು ಪಾಸ್‌ಪೋರ್ಟ್ ಇದೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತಾರೆ. ನಾನು ಮನೆಯಿಂದ ಜೇವರ್ಗಿ ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಏಳು ಸಲ ನೋಡಿಕೊಂಡೆ. ಎಂಟನೇ ಸಲ ನೋಡುವಾಗ ಅದು ಕೈಜಾರಿ ಕಬ್ಬಿನ ಹಾಲಿನ ಗಾಡಿಯ ಕೆಳಗೆ ಬಿತ್ತು. ಒರೆಸಿಕೊಂಡು ಬಸ್ಸು ಹತ್ತಿದೆ. ಆಮೇಲೆ ಕಿರ್ಗಿಸ್ತಾನದ ಅಧಿಕಾರಿಗೆ ಅದರ ಅಂಟಿದ ಪುಟಗಳನ್ನು ಬಿಡಿಸಲು ಬರಲಿಲ್ಲವೆಂದರೆ ತಪ್ಪು ಆತನದಲ್ಲ.

ಮಗಳು ಸಬಾ ಆ ದೇಶದ ಬಿಷ್ಕೆಕ್ ನಗರದಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ಮೂರು ವರ್ಷ ಅವಳನ್ನು ಅಂಗೈಯಗಲದ ಫೋನಿನಲ್ಲೇ ನೋಡಿ ಸಾಕಾಗಿತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಬೇಸಿಗೆ ರಜೆ ಬಂದಿತ್ತು. ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ. ಗ್ಯಾಸ್ ಆರಿಸಿದೆನೇ ಎಂದು ನೋಡಲು ಬೀದಿಯ ಕೊನೆಯಿಂದ ಮರಳಿ ಬರುವ ನಾನು, ಒಬ್ಬಳೇ ಮೂರು ದೇಶ ದಾಟಿ ಹೊರಟೆ.

ಜೊತೆಗೆ ನಲವತ್ತು ಕಡಕ್ ಜೋಳದ ರೊಟ್ಟಿ. ಅವನ್ನು ಸುಟ್ಟು, ಬಟ್ಟೆಯಲ್ಲಿ ಕಟ್ಟಿ ತಂದುಕೊಟ್ಟವರು ನಮ್ಮ ಶಾಲೆಯ ಮಹಾದೇವಿ ಟೀಚರ್. ಮಟಕಿ ಊರಿನವರು. ರೊಟ್ಟಿಯಷ್ಟೇ ಖಡಕ್ಕಾಗಿ ಮಾತಾಡುವವರು.

‘ಜುಬೇದಾ ಟೀಚರ್, ದಿನಕ್ಕ ಎರಡು ತಿಂದ್ರ ಇಪ್ಪತ್ತು ದಿನ ಬರ್ತಾವ್ರಿ. ಆ ಕಡಿ ಮಂದಿ ಕುದುರಿ ತಿಂತಾರಂತ. ಯಾರ ಮನ್ಯಾಗೂ ಸಾರಿಗಿ ಕೈ ಹಚ್ಚಬ್ಯಾಡ್ರಿ ಮತ್ತ.’

ಕುದುರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದ ನಮ್ಮ ಅಬ್ಬಾ ಎದ್ದು ಕುಳಿತರು.

‘ಅಲ್ಲಿ ಕುದುರಿ ಅದಾವಾ? ನೋಡಿ ಬಾ ಮತ್ತ. ಹಲ್ಲು ನೋಡು, ಮೊಣಕಾಲು ನೋಡು. ಬರೇ ಬಣ್ಣ ನೋಡಿ ಬರಬ್ಯಾಡ.’

ಅಬ್ಬಾ ಜೇವರ್ಗಿಯಲ್ಲಿ ಟಾಂಗಾ ಓಡಿಸಿದವರು. ಅವರ ಕೊನೆಯ ಕುದುರೆಯ ಹೆಸರು ನವಾಬ. ಗೊಬ್ಬೂರಿನ ಒಬ್ಬ ರೈತರಿಂದ ತಂದದ್ದು, ಹಾಗಾಗಿ ಅದಕ್ಕೆ ಕನ್ನಡವೊಂದೇ ಬರುತ್ತಿತ್ತು. ನಮ್ಮ ಮನೆಯಲ್ಲಿ ಮಾತು ಉರ್ದುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಆದರೆ ನವಾಬನ ಮುಂದೆ ಯಾರೂ ಉರ್ದು ಆಡುತ್ತಿರಲಿಲ್ಲ, ಪಾಪ ಅವನಿಗೆ ತಿಳಿಯುವುದಿಲ್ಲವೆಂದು. ಇಂದಿಗೂ ಅವನ ಮಾತು ಬಂದರೆ ಅಬ್ಬಾ ಕನ್ನಡಕ್ಕೆ ಹೊರಳುತ್ತಾರೆ. ಹೊರಸಿನ ಪಕ್ಕದ ಮೊಳೆಗೆ ಅವನ ಕೊರಳ ಗೆಜ್ಜೆ ಇನ್ನೂ ತೂಗುತ್ತಿದೆ. ನನಗೆ ಹನ್ನೆರಡಾದಾಗ ಅವನನ್ನು ಮಾರಿದರು. ಅದರ ಕಥೆಯನ್ನು ಮುಂದೆ ಹೇಳುತ್ತೇನೆ. ಅದನ್ನು ಮುಂದೂಡುವುದರಲ್ಲಿ ನನಗೆ ಮೂವತ್ತೇಳು ವರ್ಷಗಳ ಅನುಭವವಿದೆ.

ಬಿಷ್ಕೆಕ್

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ರೊಟ್ಟಿಯೊಂದನ್ನು ಎತ್ತಿ, ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಅದು ‘ಟಣ್’ ಎಂದಿತು. ಇನ್ನೊಬ್ಬನನ್ನು ಕರೆದ. ಅವನೂ ಬಡಿದ. ನಾನು ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದಾಗ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು.

ಮಗಳನ್ನು ಅಪ್ಪಿಕೊಂಡು ಅತ್ತದ್ದು ಒಂದು ದಿನ. ಎರಡನೇ ದಿನದಿಂದ ಅವಳ ಪರೀಕ್ಷೆ ನನ್ನ ಪರೀಕ್ಷೆಯಾಯಿತು. ತಾಸಿಗೊಮ್ಮೆ ಅವಳ ಕೋಣೆಗೆ ಇಣುಕಿ, ಓದಿದೆಯಾ, ತಿಂದೆಯಾ, ಬೆನ್ನಿಗೆ ದಿಂಬು ಬೇಕಾ ಎಂದು ಕೇಳಿದೆ. ಮೂರನೇ ದಿನ ಅವಳು ಪುಸ್ತಕ ಮುಚ್ಚಿದಳು.

‘ಅಮ್ಮೀ, ನೀ ಹಿಂಗ ಕುಂತ್ರ ನನ್ನ ಪುಸ್ತಕಕ್ಕೂ ಬೆವರು ಬರ್ತದ. ನಮ್ಮ ಮನಿ ಮಾಲಕಿ ಅಣ್ಣಂದು ಹಳ್ಳ್ಯಾಗ ಕುದುರಿ ಫಾರ್ಮ್ ಅದ. ಒಂದು ವಾರ ಹೋಗಿ ಬಾ. ನಿನ್ನ ಅಬ್ಬಾಗ ಕುದುರಿ ನೋಡಿ ಬರ್ತೇನಿ ಅಂದಿದ್ದಿಲ್ಲಾ?’

ತಾಯಿಯನ್ನು ಮನೆಯಿಂದ ಇಷ್ಟು ಮರ್ಯಾದೆಯಾಗಿ ಹೊರಹಾಕಿದ ಮಗಳು ಬೇರೆ ಇರಲಿಕ್ಕಿಲ್ಲ.

ಕುದುರೆ ಮನೆ: ಮೊದಲ ದಿನ

ಬೆಟ್ಟದ ಬುಡದಲ್ಲಿ ನೀಲಿ ಕಿಟಕಿಗಳ ಒಂದು ಮನೆ, ಹಿಂದೆ ಕಟ್ಟಿಗೆಯ ದೊಡ್ಡ ದೊಡ್ಡಿ, ಮೂವತ್ತರಷ್ಟು ಕುದುರೆಗಳು. ನಮ್ಮೂರಲ್ಲಿ ಆ ಹೊತ್ತಿಗೆ ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಇಲ್ಲಿ ಬೆಟ್ಟದ ತಲೆಯ ಮೇಲೆ ಹಿಮ. ಮನೆಯ ಹಿರಿಯನನ್ನು ಎಲ್ಲರೂ ಆತಾ ಎನ್ನುತ್ತಾರೆ, ಅಂದರೆ ಅಜ್ಜ. ಕಾಲು ಕಮಾನಾಗಿ ಬಾಗಿವೆ, ನೆಲದ ಮೇಲೆ ಬಾತುಕೋಳಿಯಂತೆ ನಡೆಯುತ್ತಾನೆ, ಕುದುರೆ ಹತ್ತಿದರೆ ಇಪ್ಪತ್ತರ ಹುಡುಗ. ಅವನ ಮಗ ಅಜಾಮತ್. ಸೊಸೆ ಐಗುಲ್‌ಗೆ ಚೂರುಪಾರು ಇಂಗ್ಲಿಷ್ ಬರುತ್ತದೆ. ನನ್ನದು, ಇಂಗ್ಲಿಷ್ ಮೇಷ್ಟ್ರು ರಜೆ ಹಾಕಿದಾಗ ಅವರ ತರಗತಿ ಸಂಭಾಳಿಸಿ ಕಲಿತ ಇಂಗ್ಲಿಷ್. ನಮ್ಮಿಬ್ಬರ ನಡುವೆ ಅದು ಚೆನ್ನಾಗಿಯೇ ನಡೆಯಿತು. ಉಳಿದವರೊಡನೆ ಸಲಾಂ, ಚಾಯ್, ಕಿತಾಬು, ದೋಸ್ತ್, ನಮಾಜು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆದ ಹತ್ತು ಶಬ್ದಗಳಿಂದ ಸಂಸಾರ ತೂಗಿಸಿದೆ.

ರಾತ್ರಿಯೂಟಕ್ಕೆ ಮಾಂಸದ ದೊಡ್ಡ ತಾಟು ಬಂತು. ಮಹಾದೇವಿ ಟೀಚರ್ ಕಿವಿಯಲ್ಲಿ ನಿಂತರು. ‘ಇದು ಕುರಿಯೋ, ಕುದುರೆಯೋ’ ಎಂದು ಕೇಳುವ ಧೈರ್ಯವಾಗದೆ, ‘ನಾನು ಸಸ್ಯಾಹಾರಿ’ ಎಂದುಬಿಟ್ಟೆ. ಹಬ್ಬಕ್ಕೆ ನನ್ನ ಕೈಯ ಖೀಮಾ ತಿನ್ನಲು ಜೇವರ್ಗಿಯ ಅರ್ಧ ಓಣಿ ಬರುತ್ತದೆ! ಆ ಒಂದು ಸುಳ್ಳಿಗೆ ಎಂಟು ದಿನ ಬೇಯಿಸಿದ ಆಲೂಗಡ್ಡೆ ತಿಂದೆ. ಆ ತಾಟಿನಲ್ಲಿದ್ದದ್ದು ಕುರಿ ಎಂದು ಕೊನೆಯ ದಿನ ತಿಳಿಯಿತು.

ಮೂರನೇ ದಿನ

ಇವರು ಕುದುರೆಗಳಿಗೆ ಹೆಸರಿಡುವುದಿಲ್ಲ. ಬೂದು, ಕಪ್ಪು, ಹಣೆಬೊಟ್ಟಿನದು, ಬಣ್ಣವೇ ಹೆಸರು. ಮತ್ತೆ, ಇವರು ನಡೆಯುವುದಿಲ್ಲ. ನಮ್ಮ ಗಂಡಸರು ಮೂರು ಮನೆ ಆಚೆಯ ಪಾನ್ ಅಂಗಡಿಗೆ ಬೈಕಿಗೆ ಕಿಕ್ ಹೊಡೆಯುವಂತೆ, ಇವರು ಪಕ್ಕದ ಮನೆಯಿಂದ ಉಪ್ಪು ತರಲು ಕುದುರೆ ಹತ್ತುತ್ತಾರೆ. ಐಗುಲ್ ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಮೊಟ್ಟೆಯ ಬುಟ್ಟಿ ಹಿಡಿದು ಬಂದಿಳಿದದ್ದನ್ನು ಕಂಡು ನಾನು ನಿಂತಲ್ಲೇ ಕಣ್ಣು ಮುಚ್ಚಿದೆ. ಒಂದು ಮೊಟ್ಟೆಯೂ ಒಡೆದಿರಲಿಲ್ಲ.

ನನ್ನ ಪಾಲಿಗೆ ಬಂದವನು ಕಂದು. ಆತಾನ ಸ್ವಂತ ಕುದುರೆ. ಹತ್ತೊಂಬತ್ತು ವರ್ಷ, ಮೂತಿಯ ಮೇಲೆ ನರೆ. ಬೆಳಿಗ್ಗೆ ಸಂಜೆ ಅವನನ್ನು ತೊರೆಗೆ ಕರೆದೊಯ್ದು ನೀರು ಕುಡಿಸಿ ತರುವುದು ನನ್ನ ಕೆಲಸವೆಂದು ಆತಾ ಸನ್ನೆಯಲ್ಲೇ ಹೇಳಿದ. ಹಗ್ಗ ನನ್ನ ಕೈಯಲ್ಲಿರುತ್ತಿತ್ತು ನಿಜ, ಆದರೆ ದಾರಿ ಗೊತ್ತಿದ್ದದ್ದು ಅವನಿಗೆ. ನಾನು ಹಿಂದೆ ಬಿದ್ದರೆ ನಿಂತು ತಿರುಗಿ ನೋಡುತ್ತಿದ್ದ. ಅವನ ಕತ್ತಿಗೆ ಮೂಗು ಹಚ್ಚಿದೆ. ಬೆವರು, ಹುಲ್ಲು, ಚರ್ಮ. ಟಾಂಗಾದ ಮುಂದಿನ ಸೀಟಿನಲ್ಲಿ ಅಬ್ಬಾನ ಮೊಣಕಾಲಿಗೆ ಒರಗಿ ಶಾಲೆಗೆ ಹೋಗುತ್ತಿದ್ದ ಬೆಳಗು ಅಷ್ಟೂ ಆ ಒಂದು ಉಸಿರಿನಲ್ಲಿ ಬಂದಿತು. ಆಗ ನಾನು ನನ್ನ ಅರ್ಧ ರೊಟ್ಟಿಯನ್ನು ನವಾಬನಿಗೆ ಕೊಡುತ್ತಿದ್ದೆ. ಅವನು ಎಷ್ಟು ನಾಜೂಕಾಗಿ ತೆಗೆದುಕೊಳ್ಳುತ್ತಿದ್ದನೆಂದರೆ ಅಂಗೈ ಒದ್ದೆಯೂ ಆಗುತ್ತಿರಲಿಲ್ಲ.

‘ಎಲ್ಲಿದ್ದೀ ಇಷ್ಟು ವರ್ಷ?’ ಎಂದು ಕಂದುವಿಗೆ ಕನ್ನಡದಲ್ಲೇ ಕೇಳಿದೆ. ಅವನು ಸೀನಿದ.

ಆ ಮಧ್ಯಾಹ್ನ ಐಗುಲ್ ಹೇಳಿದಳು: ಮುಂದಿನ ವಾರ ಇಡೀ ಹಿಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗುತ್ತದೆ. ಬೇಸಿಗೆಯೆಲ್ಲ ಅಲ್ಲೇ. ಏರಲಾಗದ ಕುದುರೆಗಳನ್ನು ಕೊಂಡೊಯ್ಯಲು ಶುಕ್ರವಾರ ಲಾರಿ ಬರುತ್ತದೆ. ಕಂದು ಈ ಸಲ ಏರಲಾರ ಎಂದು ಅಜಾಮತ್, ಏರುತ್ತಾನೆ ಎಂದು ಆತಾ. ಜಗಳ ಬೇಡವೆಂದು ಅಪ್ಪ ಮಗ ಒಪ್ಪಂದಕ್ಕೆ ಬಂದಿದ್ದರು: ಗುರುವಾರ ಬೆಳಿಗ್ಗೆ ಕಂದು ಬೆನ್ನ ಮೇಲೆ ಭಾರ ಹೊತ್ತು ಮೊದಲ ಕಣಿವೆಯವರೆಗೆ ಹೋಗಿ ಬರಲಿ. ಬಂದರೆ ಹುಲ್ಲುಗಾವಲು. ಇಲ್ಲದಿದ್ದರೆ ಲಾರಿ.

‘ಲಾರಿ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದೆ.

ಐಗುಲ್ ನನ್ನ ಆಲೂಗಡ್ಡೆಯ ತಾಟನ್ನು ನೋಡಿದಳು. ಅವಳನ್ನು ದೂರುವ ಹಕ್ಕು ನನಗಿಲ್ಲ. ನಾವೂ ಬಕ್ರೀದಿನ ಮೇಕೆಗೆ ಹೆಸರಿಟ್ಟು, ಸೊಪ್ಪು ತಿನ್ನಿಸಿ, ಅತ್ತು, ಆಮೇಲೆ ಉಣ್ಣುವವರೇ.

‘ಭಾರ ಯಾರು?’ ಎಂದೆ.

‘ನೀವು’ ಎಂದಳು. ‘ಆತಾ ಹೇಳಿದರು, ನೀವು ಸರಿಯಾದ ತೂಕ.’

ಟಾಂಗಾದವನ ಮಗಳಾಗಿ ನಾನು ಈ ನಲವತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕುದುರೆಯ ಬೆನ್ನ ಮೇಲೆ ಕುಳಿತವಳಲ್ಲ. ಕುಳಿತದ್ದೆಲ್ಲ ಅದರ ಹಿಂದೆ.

ಬುಧವಾರ, ಸೂರ್ಯ ಮುಳುಗಿದಾಗ

ಬುಧವಾರ ಮಧ್ಯಾಹ್ನ ಆತಾ ಕಂದುವನ್ನು ಕಂಬಕ್ಕೆ ಕಟ್ಟಿದ. ಹಗ್ಗ ಗಿಡ್ಡ, ತಲೆ ಮೇಲೆ, ನೆಲದ ಹುಲ್ಲಿಗೆ ಬಾಯಿ ಎಟುಕದಂತೆ. ನೀರೂ ಇಲ್ಲ.

‘ನಾಳೆ ಬೆಳಿಗ್ಗೆಯವರೆಗೆ ಊಟ ಇಲ್ಲ, ನೀರು ಇಲ್ಲ’ ಎಂದಳು ಐಗುಲ್. ‘ಹೊಟ್ಟೆ ಹಗುರ ಇದ್ದರೆ ಏರುತ್ತಾನೆ. ನಮ್ಮ ಪದ್ಧತಿ.’

ಸಂಜೆ ನಮಾಜು ಮುಗಿಸಿ ಹೊರಬಂದೆ. ಬೆಟ್ಟದ ಹಿಂದೆ ಸೂರ್ಯ ಮುಳುಗಿದ್ದ. ಕಂದು ನನ್ನನ್ನು ಕಂಡು ಗೊರಸಿನಿಂದ ನೆಲ ಕೆರೆದ. ಇದೂ ಉಪವಾಸವೇ, ಒಂದು ರೋಜಾ ಎಂದುಕೊಂಡೆ. ಆದರೆ ಸೂರ್ಯ ಮುಳುಗಿದ ಮೇಲೂ ಬಿಡದ ರೋಜಾ ಎಲ್ಲಿದೆ? ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಡಿ ಎಂದು ವರ್ಷಕ್ಕೆ ಎರಡು ನೂರು ಮಕ್ಕಳಿಗೆ ಹೇಳುವವಳು ನಾನು. ಮನೆಯವರು ಚಹಾಕ್ಕೆ ಕುಳಿತಿದ್ದರು. ಒಳಗೆ ಹೋಗಿ ರೊಟ್ಟಿಯ ಗಂಟು ತಂದೆ.

ಒಂದು ಕೊಟ್ಟೆ. ಜೋಳವನ್ನೇ ಕಾಣದ ಕುದುರೆ ಮೊದಲು ಮೂಸಿತು, ಆಮೇಲೆ ಕಡಿಯಿತು. ಆ ಕಟಕಟ ಶಬ್ದಕ್ಕೆ ಇಡೀ ದೊಡ್ಡಿ ಕಿವಿ ನಿಮಿರಿಸಿತು. ಇನ್ನೊಂದು ಕೊಟ್ಟೆ. ಹನ್ನೊಂದು ರೊಟ್ಟಿ ಹೋದವು. ಒಣ ರೊಟ್ಟಿ ಗಂಟಲಿಗೆ ಹಿಡಿದೀತೆಂದು ಹೆದರಿ, ಒಂದು ಬಕೆಟ್ ನೀರನ್ನೂ ಎತ್ತಿ ಹಿಡಿದೆ. ಪೂರ್ತಿ ಕುಡಿದ. ಹಿಂತಿರುಗುವಾಗ ಎಷ್ಟೋ ವರ್ಷಗಳಿಂದ ಹೊತ್ತ ಏನನ್ನೋ ತೀರಿಸಿದಂತೆ ಹಗುರವಾಗಿದ್ದೆ.

ಈಗ ಆ ಕಥೆ ಹೇಳಲೇಬೇಕು.

ನನ್ನ ಮೊದಲ ರೋಜಾ ಹನ್ನೆರಡನೇ ವಯಸ್ಸಿನಲ್ಲಿ. ಹೊಸ ಬಟ್ಟೆ, ಕೊರಳಿಗೆ ಹೂವು, ಓಣಿಯವರೆಲ್ಲ ಬಂದು ಹೊಗಳುವುದು. ಇಫ್ತಾರಿನ ಹೊತ್ತಿಗೆ ಅಂಗಳದಲ್ಲಿ ನವಾಬ ನಿಂತಿದ್ದ. ಎಲ್ಲರೂ ಖರ್ಜೂರ ಕೈಯಲ್ಲಿ ಹಿಡಿದು ಕುಳಿತಾಗ, ಇಡೀ ದಿನ ದುಡಿದು ಬಂದ ಇವನಿಗೇಕೆ ಯಾರೂ ಏನೂ ಕೊಡುವುದಿಲ್ಲ ಎನಿಸಿತು. ಒಳಗಿಂದ ಕಡಲೆಯ ಡಬ್ಬಿ ತಂದೆ. ರಾತ್ರಿ ನೆನೆಹಾಕಿ ಮುಷ್ಟಿಯಷ್ಟು ಕೊಡಬೇಕಾದ ಕಡಲೆ. ನೆನೆಸದೆ ಡಬ್ಬಿಯನ್ನೇ ಮುಂದಿಟ್ಟೆ, ಮೇಲೆ ನೀರು ಕುಡಿಸಿದೆ. ಒಣ ಕಡಲೆ ಹೊಟ್ಟೆಯಲ್ಲಿ ಉಬ್ಬುತ್ತದೆಂದು ಆಗ ತಿಳಿದಿರಲಿಲ್ಲ. ಅವನ ರೋಜಾ ಬಿಡಿಸಿದೆ.

ಮರುದಿನ ಬಸ್ ನಿಲ್ದಾಣದ ಮುಂದೆ ನವಾಬ ಟಾಂಗಾಕ್ಕೆ ಕಟ್ಟಿದಂತೆಯೇ ಕುಸಿದು ಮಲಗಿದ. ಸಂಜೆಯೊಳಗೆ ಎದ್ದನಾದರೂ ನೋಡಿದವರೆಲ್ಲ ಒಂದೇ ಮಾತು ಹೇಳಿದರು: ‘ಮುಗೀತ್ರಿ, ವಯಸ್ಸಾತು ಇದಕ್ಕ.’ ಅಬ್ಬಾ ನಂಬಿದರು. ಆ ತಿಂಗಳೇ ಅವನನ್ನು ಗೊಬ್ಬೂರ ಕಡೆಯವರಿಗೆ ಕೊಟ್ಟರು, ಕೊರಳ ಗೆಜ್ಜೆ ಮಾತ್ರ ಬಿಚ್ಚಿಟ್ಟುಕೊಂಡರು. ಟಾಂಗಾ ಬಿಟ್ಟು ಧಾನ್ಯದ ಅಡತಿ ಅಂಗಡಿಯಲ್ಲಿ ಚೀಲ ತೂಗುವ ಕೆಲಸಕ್ಕೆ ಸೇರಿದರು. ನಾನು ಬಾಯಿ ಬಿಡಲಿಲ್ಲ. ಮೊದಲು ಹೊಡೆತಕ್ಕೆ ಹೆದರಿ, ಆಮೇಲೆ ಅವರ ಮುಖಕ್ಕೆ ಹೆದರಿ, ಆಮೇಲೆ ರೂಢಿಯಾಗಿ. ಇಂದಿಗೂ ನೆನೆದ ಕಡಲೆಯನ್ನು ಒಂದೊಂದಾಗಿ ಹಿಸುಕಿ ನೋಡದೆ ನಾನು ಕುಕ್ಕರಿಗೆ ಹಾಕುವುದಿಲ್ಲ.

ಕಡಲೆ ತಪ್ಪು ಎಂದು ಕಲಿತಿದ್ದೆ. ರೊಟ್ಟಿಯೂ ತಪ್ಪಾಗಬಹುದೆಂದು ಯಾರೂ ಕಲಿಸಿರಲಿಲ್ಲ.

ಗುರುವಾರ: ಏರು

ನನ್ನನ್ನು ಕಂದುವಿನ ಮೇಲೆ ಹತ್ತಿಸಲು ಒಂದು ಸ್ಟೂಲು, ಅಜಾಮತ್‌ನ ಹೆಗಲು ಮತ್ತು ಸಾಕಷ್ಟು ದುವಾ ಬೇಕಾದವು. ಮೇಲೆ ಕುಳಿತ ಮೇಲೆ ತಿಳಿಯಿತು, ಕುದುರೆ ಕೆಳಗಿನಿಂದ ಕಂಡದ್ದಕ್ಕಿಂತ ಎರಡು ಪಟ್ಟು ಎತ್ತರ. ಆದರೆ ನೂರು ಹೆಜ್ಜೆಯ ನಂತರ ಸೊಂಟಕ್ಕೆ ಅದರ ಲಯ ಸಿಕ್ಕಿತು. ಎರಡೂ ಕಿವಿಗಳ ನಡುವೆ ಬೆಟ್ಟ ಕಂಡಿತು. ಇದನ್ನು ಅಬ್ಬಾ ದಿನಾ ನೋಡುತ್ತಿದ್ದರು ಎಂದುಕೊಂಡೆ. ಜೇವರ್ಗಿಯ ರಸ್ತೆ, ಅದರ ಆಚೀಚೆ ಎರಡು ಕಿವಿ.

ಅರ್ಧ ದಾರಿಯಲ್ಲಿ ಕಂದು ನಿಂತ. ಕತ್ತು ಹೊರಳಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಂಡ. ಮೈ ಬೆವತಿತ್ತು. ನನ್ನನ್ನು ಇಳಿಸಿದರು. ಇಳಿದದ್ದೇ ತಡ, ಅವನು ಮುಂಗಾಲು ಮಡಚಿ ಕಲ್ಲುಗಳ ಮೇಲೆ ಮಲಗಿಬಿಟ್ಟ.

ಅಜಾಮತ್ ಟೋಪಿ ತೆಗೆದು ಹಿಡಿದು ಆತಾನಿಗೆ ಮೆಲ್ಲಗೆ ಏನೋ ಹೇಳಿದ.

‘ಏನಂದ?’ ಎಂದು ಐಗುಲ್‌ಳನ್ನು ಕೇಳಿದೆ.

‘ಮುಗಿಯಿತು. ವಯಸ್ಸಾಯಿತು.’

ಅದೇ ಮಾತು. ಭಾಷೆ ಮಾತ್ರ ಬೇರೆ. ಹೇಳಿದರೆ ಎಂಟು ದಿನ ಮಗಳಂತೆ ಇಟ್ಟುಕೊಂಡವರ ಮುಂದೆ ಕಳ್ಳಿಯಾಗುತ್ತೇನೆ. ಹೇಳದಿದ್ದರೆ ನಾಳೆ ಲಾರಿ. ನನ್ನೊಳಗಿನ ಹನ್ನೆರಡು ವರ್ಷದ ಹುಡುಗಿ ಆಗಲೇ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದಳು.

ನಾನು ಚೀಲದಿಂದ ಒಂದು ರೊಟ್ಟಿ ತೆಗೆದೆ. ಚೀಲದಲ್ಲಿ ಒಂದಿಲ್ಲದೆ ನಾನು ಎಲ್ಲಿಗೂ ಹೋಗುವುದಿಲ್ಲ. ಆತಾನ ಮುಂದೆ ಹಿಡಿದು, ಕಂದುವಿನ ಬಾಯಿ ತೋರಿಸಿದೆ, ಐದು ಬೆರಳನ್ನು ಎರಡು ಸಲ ಬಿಚ್ಚಿ ಮತ್ತೊಂದು ಬೆರಳು ಎತ್ತಿದೆ, ಬಕೆಟ್ ಎತ್ತಿದಂತೆ ಮಾಡಿದೆ, ಎದೆಗೆ ಬಡಿದುಕೊಂಡೆ. ಆಮೇಲೆ ಕನ್ನಡದಲ್ಲೇ ಶುರುವಾದೆ: ‘ನಾ ಕೊಟ್ಟೀನ್ರಿ. ನಿನ್ನಿ ಸಂಜಿ. ಅವನದೇನೂ ತಪ್ಪಿಲ್ಲ. ಅವನಿಗಿ ವಯಸ್ಸಾಗಿಲ್ರಿ, ನನಗ ಬುದ್ಧಿ ಇಲ್ಲ.’ ಅಳುತ್ತಿದ್ದೆ. ಐಗುಲ್‌ಗೆ ಇಂಗ್ಲಿಷಿನಲ್ಲಿ ಹೇಳಬಹುದೆಂದು ಆಮೇಲೆ ನೆನಪಾಯಿತು.

ಆತಾ ರೊಟ್ಟಿಯನ್ನು ಕೈಗೆ ತೆಗೆದುಕೊಂಡ. ಬಡಿದು ನೋಡಿದ. ಒಂದು ಚೂರು ಕಡಿದು, ಉಳಿದ ಹಲ್ಲುಗಳಿಂದ ಬಹಳ ಹೊತ್ತು ಅಗಿದ. ಆಮೇಲೆ ಮಂಡಿಯೂರಿ ಕಂದುವಿನ ಹೊಟ್ಟೆಗೆ ಕಿವಿ ಹಚ್ಚಿದ. ಎದ್ದವನು ನನ್ನ ಕಡೆ ನೋಡಲೂ ಇಲ್ಲ. ಮಗನ ಕಡೆ ತಿರುಗಿ, ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿದ.

‘ಹೇಳುತ್ತಿದ್ದಾರೆ,’ ಎಂದಳು ಐಗುಲ್, ‘ಇಂಥ ಹನ್ನೊಂದು ಹಂಚು ತಿಂದರೆ ನೀನೂ ಮಲಗುತ್ತೀಯ.’

ಕಂದುವನ್ನು ಎಬ್ಬಿಸಿದರು. ಮೂರು ತಾಸು ಸರದಿಯ ಮೇಲೆ ಎಲ್ಲರೂ ಅವನನ್ನು ಅತ್ತಿಂದಿತ್ತ ನಡೆಸಿದೆವು. ಮಧ್ಯಾಹ್ನದ ಹೊತ್ತಿಗೆ ಅವನು ಬಾಲ ಎತ್ತಿ ಲದ್ದಿ ಹಾಕಿದ. ಅದನ್ನು ಕಂಡು ಒಂದು ಇಡೀ ಕುಟುಂಬ ಚಪ್ಪಾಳೆ ತಟ್ಟಿತು. ಪರೀಕ್ಷೆಯ ಫಲಿತಾಂಶಕ್ಕೆ ಅಷ್ಟು ಸಂತೋಷವನ್ನು ನಾನು ನಮ್ಮ ಶಾಲೆಯಲ್ಲಿ ನೋಡಿಲ್ಲ. ಇಳಿಹೊತ್ತಿನಲ್ಲಿ ಆತಾ ತಾನೇ ಅವನನ್ನು ಹತ್ತಿ, ಒಂಟಿಯಾಗಿ ಕಣಿವೆಯವರೆಗೆ ಹೋಗಿ ಬಂದ. ಅಜಾಮತ್ ದೊಡ್ಡಿಯ ಬಾಗಿಲಲ್ಲಿ ನಿಂತು ಕಾಯುತ್ತಿದ್ದ. ಕಂದು ಬಂದು ನಿಂತಾಗ ಅವನ ಮೊಣಕಾಲು ಸವರಿ ನೋಡಿ, ಅಪ್ಪನಿಗೆ ಬಾಗಿಲು ತೆಗೆದ.

ಶುಕ್ರವಾರ

ಲಾರಿ ಬಂತು. ಎರಡು ಕುದುರೆ ಹೋದವು, ಒಂದು ಬೂದು, ಒಂದು ಹಣೆಬೊಟ್ಟಿನದು. ಅವುಗಳ ಪರ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಹತ್ತಿಸುವ ಮೊದಲು ಅಜಾಮತ್ ಎರಡರ ಕುತ್ತಿಗೆಯಿಂದಲೂ ಹಗ್ಗ ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡ. ಲಾರಿಯವನು ತನ್ನ ಹಗ್ಗ ಕಟ್ಟಿದ. ಪ್ರಾಣಿ ಹೋದರೂ ಹಗ್ಗ ಕೊಡಬಾರದಂತೆ. ನನಗೆ ನಮ್ಮ ಪಡಸಾಲೆಯ ಮೊಳೆಯ ಮೇಲಿನ ಗೆಜ್ಜೆ ಕಣ್ಮುಂದೆ ಬಂತು.

ಮಧ್ಯಾಹ್ನ ಕಂದುವನ್ನು ತೊರೆಯ ದಂಡೆಗೆ ಮೇಯಲು ಬಿಟ್ಟು, ಅಬ್ಬಾಗೆ ವಿಡಿಯೊ ಫೋನು ಹಚ್ಚಿದೆ. ಜುಮ್ಮಾ ಮುಗಿಸಿ ಬಂದು ಹೊರಸಿನ ಮೇಲೆ ಕುಳಿತಿದ್ದರು.

‘ಅಬ್ಬಾ, ನವಾಬ ಬಸ್ ಸ್ಟ್ಯಾಂಡ್ ಮುಂದ ಬಿದ್ದಿದ್ದು ನೆನಪದಾ?’

‘ಅದನ್ನ ಮರೀಲಾಕ ನನಗೇನು ಹುಚ್ಚು ಹಿಡದದೇನು?’

‘ಅವನಿಗಿ ಹಿಂದಿನ ದಿನ ನಾ ಕಡ್ಲಿ ತಿನ್ಸಿದ್ದೆ. ಅವತ್ತ ನಂದು ಮೊದಲನೇ ರೋಜಾ. ನೆನಸದ ಒಣ ಕಡ್ಲಿ. ಮ್ಯಾಲ ನೀರು ಕುಡ್ಸಿದೆ.’

ಅಬ್ಬಾ ಫೋನನ್ನು ಮುಖದ ಹತ್ತಿರ ತಂದುಕೊಂಡರು.

‘ಎಷ್ಟು ಕಡ್ಲಿ?’

‘ಎರಡು ಸೇರಿನ ಡಬ್ಬಿ.’

‘ತುಂಬಿತ್ತಾ?’

‘ತುಂಬಿತ್ತು.’

ಬೈಗುಳಕ್ಕೆ ನಾನು ತಯಾರಾಗಿದ್ದೆ. ಮೂವತ್ತೇಳು ವರ್ಷದಲ್ಲಿ ಅವರ ಪ್ರತಿಯೊಂದು ಬೈಗುಳಕ್ಕೂ ಉತ್ತರ ಬರೆದಿಟ್ಟುಕೊಂಡಿದ್ದೆ. ಅಬ್ಬಾ ಬೈಯಲಿಲ್ಲ. ಮೊಳೆಯ ಕಡೆ ಕೈ ಚಾಚಿದರು, ಗೆಜ್ಜೆ ಒಂದು ಸಲ ಘಲ್ ಎಂದಿತು.

‘ಹಂಗಾದ್ರ,’ ಎಂದರು, ‘ಅವನಿಗಿ ಮುಪ್ಪು ಬಂದಿದ್ದಿಲ್ಲ.’

‘ಇಲ್ಲ ಅಬ್ಬಾ.’

‘ಇನ್ನಾ ಓಡ್ತಿದ್ದ.’

‘ಹೂಂ. ಓಡ್ತಿದ್ದ.’

ಗೆಜ್ಜೆಯಿಂದ ಕೈ ತೆಗೆದು ಅಬ್ಬಾ ಅಂದರು, ‘ಅಲ್ಲಿ ನಿನ್ನ ಕುದುರಿ ಎಲ್ಲದ? ಅದರ ಹಂತ್ಯಾಕ ಫೋನ್ ಹಿಡಿ.’

ಕಂದುವಿನ ಕಿವಿಯ ಬಳಿ ಹಿಡಿದೆ. ಅಬ್ಬಾ ಗಂಟಲು ಸರಿಮಾಡಿಕೊಂಡು, ಬಸ್ ನಿಲ್ದಾಣದ ಮುಂದೆ ಕೂಗುತ್ತಿದ್ದಂತೆಯೇ ಕೂಗಿದರು: ‘ನಡಿಯೋ ನವಾಬ, ಮಂದಿ ಕಾಯಾಕತ್ತಾರ!’

ಕಂದುವಿಗೆ ಕನ್ನಡ ಬರುವುದಿಲ್ಲ. ಕಿವಿಯನ್ನೂ ಅಲುಗಿಸಲಿಲ್ಲ. ತಲೆ ಬಗ್ಗಿಸಿ ಹುಲ್ಲು ಕಚ್ಚಿ ಎಳೆಯುತ್ತಲೇ ಇದ್ದ. ನನಗೇ ನಾಚಿಕೆಯಾಗಿ ಫೋನು ಹಿಂದಕ್ಕೆ ತೆಗೆಯಹೋದೆ.

‘ತಗೀಬ್ಯಾಡ,’ ಎಂದರು ಅಬ್ಬಾ. ‘ಮೇಯಾಕತ್ತಾನಲ್ಲ, ಕೇಳಾಕತ್ತೇನಿ.’

ಮತ್ತೆ ಕೈ ಚಾಚಿದೆ. ಬ್ಯಾಟರಿ ಎಷ್ಟಿದೆ ಎಂದು ನೋಡಲಿಲ್ಲ. ಕಂದು ಹೆಜ್ಜೆ ಮುಂದಿಟ್ಟಾಗ ನಾನೂ ಮುಂದಿಟ್ಟೆ, ಅವನು ತಲೆ ಅತ್ತ ಹೊರಳಿಸಿದಾಗ ಕೈಯನ್ನೂ ಅತ್ತ ಹೊರಳಿಸಿದೆ. ಜೇವರ್ಗಿಯ ಪಡಸಾಲೆಯಲ್ಲಿ ಅಬ್ಬಾ ಫೋನನ್ನು ಕಿವಿಗೆ ಒತ್ತಿಕೊಂಡು ಕುಳಿತಿದ್ದರು. ತೆರೆಯ ಮೇಲೆ ಅವರ ಬಿಳಿ ಕೂದಲು ಮತ್ತು ಒಂದು ಕಿವಿ ಮಾತ್ರ ಕಾಣುತ್ತಿತ್ತು.